ಇಂಪ್ಲಾಂಟ್‌ಗಳಿಂದ ಹೊಮ್ಮುವ ಔಷಧದ ಹರಡಿಕೆ: ಅದನ್ನು ಕಾಣುವ ವಿಧಾನಗಳು

ದೇಹದೊಳಗೆ ಇಟ್ಟ ಸಾಧನವೊಂದರಿಂದ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬರುವ ಔಷಧ ಯಾವ ದಿಕ್ಕಿಗೆ ಹೋಗುತ್ತದೆ, ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಚಿತ್ರವಾಗಿ ಹಿಡಿಯುವ ವಿಧಾನಗಳ ಸಮುದಾಯವೇ ಈ ಲೇಖನದ ವಿಷಯ. ಎಕ್ಸ್‌-ರೇ, ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್, ವಿಕಿರಣಶೀಲ ಗುರುತು, ಪ್ರತಿದೀಪ್ತಿ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ ಆಧಾರಿತ ಚಿತ್ರಣಗಳೆಲ್ಲ ಇದರಲ್ಲಿ ಸೇರುತ್ತವೆ. ರಕ್ತಪರೀಕ್ಷೆಯಿಂದ ಔಷಧದ ಪ್ರಮಾಣ ಗೊತ್ತಾಗುತ್ತದೆ, ನಿಜ. ಆದರೆ ಅದು ಇಡೀ ದೇಹದ ಸರಾಸರಿ. ಇಂಪ್ಲಾಂಟ್ ಇಡುವುದೇ ಒಂದು ಜಾಗದಲ್ಲಿ ಔಷಧ ಹೆಚ್ಚಿರಲಿ, ಉಳಿದೆಡೆ ಕಡಿಮೆ ಇರಲಿ ಎಂದು. ಹಾಗಿರುವಾಗ ಸರಾಸರಿಯನ್ನು ನಂಬಿ ಕೂರುವುದು ಸಾಲದು, ಜಾಗವನ್ನೇ ನೋಡಬೇಕಾಗುತ್ತದೆ.

ಗದಗ ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಸಾಧನಗಳು

ಗದಗ ತಾಲ್ಲೂಕಿನ ಹೊಂಬಳದಂಥ ಎರೆಭೂಮಿಯ ಹಳ್ಳಿಯಲ್ಲಿ ಈ ಸಾಧನಗಳು ಅಪರೂಪದವೇನಲ್ಲ, ಹೆಸರು ಮಾತ್ರ ಬೇರೆ. ಹೃದಯಾಘಾತವಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಬಂದವರ ಮನೆಯಲ್ಲಿ ‘ಸ್ಟೆಂಟ್ ಹಾಕ್ಯಾರ’ ಎನ್ನುತ್ತಾರೆ. ಅದರ ಮೈಮೇಲೆ ಔಷಧದ ಲೇಪವಿದೆ ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಮೂಳೆಯೊಳಗೆ ಕೀವು ಸೇರಿದವರಿಗೆ ಪ್ರತಿಜೀವಕ ಬೆರೆಸಿದ ಮೂಳೆ ಸಿಮೆಂಟಿನ ಮಣಿಗಳನ್ನು ಇಟ್ಟು, ಕೆಲವು ವಾರಗಳ ನಂತರ ತೆಗೆಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಊದಿಕೊಂಡವರ ಕಣ್ಣಿಗೆ 0.7 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಇರುವ ಕರಗುವ ಕಡ್ಡಿಯನ್ನು ಸೂಜಿಯ ಮೂಲಕ ಬಿಡುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಹೊಟ್ಟೆಯ ಚರ್ಮದಡಿ 3.6 ಮಿಲಿಗ್ರಾಂ ಗೊಸೆರೆಲಿನ್ ಗುಳಿಗೆ ಹಾಕುತ್ತಾರೆ. ಅತಿಯಾದ ಮುಟ್ಟಿನ ಸ್ರಾವಕ್ಕೆ ಗರ್ಭಕೋಶದೊಳಗೆ ಇಡುವ ಲಿವೊನಾರ್ಜೆಸ್ಟ್ರೆಲ್ ಸಾಧನದಲ್ಲಿ 52 ಮಿಲಿಗ್ರಾಂ ಹಾರ್ಮೋನ್ ಇರುತ್ತದೆ. ಆರಂಭದಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಹೊರಬರುತ್ತದೆ.

ಈ ಕೊನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು. 2010ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು, ಸರ್ಕಾರ ತನಿಖೆ ನಡೆಸಬೇಕಾಯಿತು. ಗರ್ಭಕೋಶದ ಒಳಪದರದಲ್ಲಿ ಹಾರ್ಮೋನ್ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುವಂತೆ ಮಾಡುವ ಈ ಪುಟ್ಟ ಸಾಧನ, ಅಂಥ ಎಷ್ಟೋ ಶಸ್ತ್ರಚಿಕಿತ್ಸೆಗಳಿಗೆ ಪರ್ಯಾಯವಾಗಬಲ್ಲದು. ಔಷಧ ಬೇಕಾದಲ್ಲೇ ಉಳಿಯುತ್ತದೆ ಎಂಬುದನ್ನು ಅಂಗಾಂಶದ ಚೂರು ತೆಗೆದು ಅಳೆದೇ ಮೊದಲು ಖಚಿತಪಡಿಸಿಕೊಂಡದ್ದು.

ಗರ್ಭನಿರೋಧಕ ಕಡ್ಡಿಯ ಕಥೆ ಇನ್ನೂ ಹತ್ತಿರದ್ದು. 1964ರಲ್ಲಿ ಜೂಡಾ ಫೋಕ್‌ಮನ್ ಮತ್ತು ಡೇವಿಡ್ ಲಾಂಗ್, ಸಿಲಿಕೋನ್ ರಬ್ಬರಿನ ಗೋಡೆಯ ಮೂಲಕ ಔಷಧಗಳು ನಿಧಾನವಾಗಿ ಜಿನುಗುತ್ತವೆ ಎಂದು ತೋರಿಸಿದರು. ಆ ತತ್ತ್ವದ ಮೇಲೆ ಸಿದ್ಧವಾದ ಆರು ಕೊಳವೆಗಳ ನಾರ್‌ಪ್ಲಾಂಟ್‌ಗೆ 1983ರಲ್ಲಿ ಫಿನ್‌ಲೆಂಡ್ ಮೊದಲು ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ ಅದರ ಪ್ರಯೋಗಗಳು ನಡೆದಾಗ ಮಹಿಳಾ ಸಂಘಟನೆಗಳು ಗಟ್ಟಿಯಾಗಿ ಪ್ರಶ್ನೆ ಎತ್ತಿದವು: ಕಡ್ಡಿ ಹಾಕಿಸಿಕೊಂಡ ಹೆಂಗಸಿಗೆ ಪೂರ್ತಿ ಮಾಹಿತಿ ಕೊಟ್ಟಿದ್ದಾರೆಯೇ, ಬೇಡವೆಂದಾಗ ತೆಗೆಯುವವರು ಇದ್ದಾರೆಯೇ? ಆ ಪ್ರಶ್ನೆಗಳು ನ್ಯಾಯವಾದವು, ಇಂದಿಗೂ ಹಳೆಯವಾಗಿಲ್ಲ. ಈಗ ಕೇಂದ್ರ ಸರ್ಕಾರದ ಕುಟುಂಬ ಕಲ್ಯಾಣ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಒಂಟಿ ಕಡ್ಡಿಯ ಇಂಪ್ಲಾಂಟ್ ಪರಿಚಯಿಸಲಾಗಿದೆ.

ಆ ಕಡ್ಡಿಯನ್ನು ಹತ್ತಿರದಿಂದ ನೋಡಿದರೆ ಉದ್ದ 40 ಮಿಲಿಮೀಟರ್, ದಪ್ಪ 2 ಮಿಲಿಮೀಟರ್. ಒಳಗೆ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್. ಮೇಲ್ದೋಳಿನ ಒಳಬದಿಯಲ್ಲಿ, ಚರ್ಮದ ಕೆಳಗೇ, ಬೆರಳಿಗೆ ಸಿಗುವಂತೆ ಇಡಬೇಕು. ಐದಾರು ವಾರದ ಹೊತ್ತಿಗೆ ದಿನಕ್ಕೆ 60–70 ಮೈಕ್ರೋಗ್ರಾಂ ಹೊರಬರುತ್ತಿರುತ್ತದೆ, ಮೊದಲ ವರ್ಷದ ಕೊನೆಗೆ 35–45, ಮೂರನೆಯ ವರ್ಷದ ಕೊನೆಗೆ 25–30. ಕೂಡಿಸಿ ನೋಡಿದರೆ ಮೂರು ವರ್ಷ ಮುಗಿದಾಗಲೂ ಗಣನೀಯ ಪಾಲು ಕಡ್ಡಿಯಲ್ಲೇ ಇರುತ್ತದೆ. ಆದ್ದರಿಂದಲೇ ಅವಧಿ ಮುಗಿದ ಕಡ್ಡಿಯನ್ನು ‘ಖಾಲಿಯಾಗಿದೆ, ಇರಲಿ ಬಿಡು’ ಎಂದು ಬಿಡುವಂತಿಲ್ಲ. ಹೊಸ ಮಾದರಿಯಲ್ಲಿ ಬೇರಿಯಂ ಸಲ್ಫೇಟ್ ಬೆರೆಸಿರುವುದು ಎಕ್ಸ್‌-ರೇಯಲ್ಲಿ ಕಾಣಲಿ ಎಂದು. ಕಡ್ಡಿ ಆಳಕ್ಕೆ ಇಳಿದು ಬೆರಳಿಗೆ ಸಿಗದಾದಾಗ ಮೊದಲು ತೋಳಿನ ಎಕ್ಸ್‌-ರೇ ಅಥವಾ ಹೆಚ್ಚಿನ ಆವರ್ತನದ ಅಲ್ಟ್ರಾಸೌಂಡ್, ತೋಳಿನಲ್ಲಿ ಸಿಗದಿದ್ದರೆ ಎದೆಯ ಎಕ್ಸ್‌-ರೇ ತೆಗೆಯಬೇಕು. ಕಡ್ಡಿ ರಕ್ತನಾಳ ಸೇರಿ ಶ್ವಾಸಕೋಶದ ಧಮನಿಯವರೆಗೆ ಸಾಗಿದ ಅತಿ ವಿರಳ ಪ್ರಕರಣಗಳು ವರದಿಯಾಗಿವೆ. ಇದು ಇಂಪ್ಲಾಂಟ್ ಇರುವ ಜಾಗದ ಚಿತ್ರ. ಔಷಧದ ಚಿತ್ರ ಬೇರೆಯೇ ವಿಷಯ, ಅದಕ್ಕಿಂತ ಬಹಳ ಕಷ್ಟದ್ದು.

ಬೀಕರಿನಲ್ಲಿ ಕಂಡದ್ದು: ಧಾರವಾಡದ ಕೆಲಸ

ಈ ವಿಷಯದ ಮೊದಲ ಅರ್ಧಕ್ಕೆ, ಎಂದರೆ ಪಾಲಿಮರಿನಿಂದ ಔಷಧ ಹೇಗೆ ಹೊರಬರುತ್ತದೆ ಎಂಬುದಕ್ಕೆ, ಗದಗಕ್ಕೆ ತೀರ ಸಮೀಪದ ನೆಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಅಲ್ಲಿ ತೇಜರಾಜ್ ಎಂ. ಅಮಿನಭಾವಿ ಮತ್ತು ಅವರ ಶಿಷ್ಯವೃಂದ ದಶಕಗಳ ಕಾಲ ಪಾಲಿಮರ್ ಪೊರೆಗಳ ಮೂಲಕ ಅಣುಗಳು ಸಾಗುವ ಬಗೆಯನ್ನು ಅಳೆದರು. 2001ರಲ್ಲಿ ಕೆ. ಎಸ್. ಸೊಪ್ಪಿಮಠ, ಅಮಿನಭಾವಿ, ಎ. ಆರ್. ಕುಲಕರ್ಣಿ ಮತ್ತು ಡಬ್ಲ್ಯು. ಇ. ರುಡ್ಜಿನ್ಸ್ಕಿ ಸೇರಿ ಜೈವಿಕವಾಗಿ ಕರಗುವ ಪಾಲಿಮರ್ ನ್ಯಾನೋಕಣಗಳ ಬಗ್ಗೆ ಬರೆದ ಸಮೀಕ್ಷೆ, ನಿಯಂತ್ರಿತ ಔಷಧ ಬಿಡುಗಡೆಯ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲಿ ಒಂದು. ಅವರು ಆರಿಸಿಕೊಂಡ ಸಾಮಗ್ರಿಗಳಲ್ಲಿ ಈ ನೆಲದ ಗುರುತೂ ಇದೆ. ಬೇವಿನ ಬೀಜದ ಎಣ್ಣೆಯನ್ನು ಆಲ್ಜಿನೇಟ್ ಮಣಿಗಳೊಳಗೆ ತುಂಬಿ ಅದು ನಿಧಾನವಾಗಿ ಹೊರಬರುವಂತೆ ಮಾಡಿದರು. ಚವಳಿಕಾಯಿ ಬೀಜದ ಅಂಟನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಆಮ್ಲತೆಗೆ ತಕ್ಕಂತೆ ಔಷಧ ಬಿಡುವ ಸೂಕ್ಷ್ಮಕಣಗಳನ್ನು ರೂಪಿಸಿದರು. ಇವು ದೇಹದಲ್ಲಿ ಹುದುಗಿಸುವ ಇಂಪ್ಲಾಂಟ್‌ಗಳಲ್ಲ. ಆದರೂ ಇಂಪ್ಲಾಂಟಿನೊಳಗೆ ನಡೆಯುವುದೂ ಇದೇ ವಿಸರಣೆ, ಇದೇ ಉಬ್ಬುವಿಕೆ, ಇದೇ ಕರಗುವಿಕೆ.

ಅಳೆಯುವ ಪದ್ಧತಿ ಸರಳವಾದದ್ದು. ಔಷಧ ತುಂಬಿದ ಮಣಿಗಳನ್ನು 37 ಡಿಗ್ರಿ ಬಿಸಿಯ ಬಫರ್ ದ್ರಾವಣದಲ್ಲಿ ಬಿಟ್ಟು, ಕಲಕುತ್ತ, ಗಂಟೆಗೊಮ್ಮೆ ಸ್ವಲ್ಪ ದ್ರವ ತೆಗೆದು, ನೇರಳಾತೀತ ಬೆಳಕಿನ ಸ್ಪೆಕ್ಟ್ರೋಮೀಟರಿನಲ್ಲಿ ಓದುವುದು. ತೆಗೆದಷ್ಟೇ ಹೊಸ ದ್ರಾವಣವನ್ನು ಮತ್ತೆ ಸುರಿಯುವುದು. ಹೀಗೆ ಸಿಗುವ ವಕ್ರರೇಖೆ ಎಷ್ಟು ಹೊತ್ತಿನಲ್ಲಿ ಎಷ್ಟು ಹೊರಬಂತು ಎಂಬುದನ್ನು ಖಚಿತವಾಗಿ ಹೇಳುತ್ತದೆ. ಹೊರಬಂದದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ, ಏಕೆಂದರೆ ಬೀಕರಿನಲ್ಲಿ ರಕ್ತನಾಳಗಳಿಲ್ಲ.

ಒಂದು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಸಣ್ಣ ಔಷಧ ಅಣುವಿನ ವಿಸರಣ ಗುಣಾಂಕ ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಲಕ್ಷದಲ್ಲೊಂದು ಭಾಗ ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಬರಿಯ ವಿಸರಣೆಯಿಂದ 1 ಮಿಲಿಮೀಟರ್ ದೂರ ಹೋಗಲು ಅದಕ್ಕೆ ಸುಮಾರು 80 ನಿಮಿಷ ಬೇಕು. 1 ಸೆಂಟಿಮೀಟರ್ ಹೋಗಲು ಹತ್ತು ಪಟ್ಟಲ್ಲ, ನೂರು ಪಟ್ಟು ಹೊತ್ತು: ಹೆಚ್ಚುಕಡಿಮೆ ಆರು ದಿನ. ಅಷ್ಟರಲ್ಲಿ ದಾರಿಯುದ್ದಕ್ಕೂ ಇರುವ ಲೋಮನಾಳಗಳು ಅದನ್ನು ಎತ್ತಿಕೊಂಡು ಹೋಗಿಬಿಟ್ಟಿರುತ್ತವೆ. ಎರೆಹೊಲದ ಒಡ್ಡಿನಿಂದ ಜಿನುಗಿದ ನೀರು ಹತ್ತಿರದ ಕಾಲುವೆ ಸೇರಿದ ಮೇಲೆ ಅಲ್ಲಿಯದಲ್ಲದೆ ಹೋಗುವಂತೆ, ರಕ್ತ ಸೇರಿದ ಔಷಧ ಇಡೀ ದೇಹದ್ದಾಗುತ್ತದೆ. ಇದರ ಮೇಲೆ, ಇಂಪ್ಲಾಂಟಿನ ಸುತ್ತ ದೇಹವೇ ಕೆಲವು ವಾರಗಳಲ್ಲಿ ನಾರಿನ ಕವಚವೊಂದನ್ನು ಕಟ್ಟುತ್ತದೆ, ಅದೂ ದಾರಿಗೆ ಅಡ್ಡ.

ಸತ್ತ ಕಣ್ಣು, ಜೀವಂತ ಕಣ್ಣು

ಬೀಕರಿಗೂ ಜೀವಂತ ದೇಹಕ್ಕೂ ಇರುವ ಈ ವ್ಯತ್ಯಾಸವನ್ನು ಅತ್ಯಂತ ಚೆನ್ನಾಗಿ ತೋರಿಸಿದ ಪ್ರಯೋಗ ಕಣ್ಣಿನದ್ದು. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ತಂಡವೊಂದು 2004ರಲ್ಲಿ ಅದನ್ನು ಪ್ರಕಟಿಸಿತು. ಅವರು ಮೊಲಗಳ ಕಣ್ಣಿಗೆ ಔಷಧದ ಬದಲು ಗ್ಯಾಡೊಲಿನಿಯಂ ಸಂಯುಕ್ತ ತುಂಬಿದ ಇಂಪ್ಲಾಂಟ್ ಇಟ್ಟರು. ಎಂಆರ್‌ಐ ಸ್ಕ್ಯಾನಿಂಗಿಗೆ ಮುನ್ನ ರೋಗಿಗೆ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ನಿನಲ್ಲಿರುವುದೂ ಇದೇ ವಸ್ತು. ಇದು ನೆರೆಯ ನೀರಿನ ಅಣುಗಳ ಕಾಂತೀಯ ವಿಶ್ರಾಂತಿಯನ್ನು ಚುರುಕುಗೊಳಿಸುತ್ತದೆ, ಆದ್ದರಿಂದ ಅದು ಇರುವೆಡೆ ಚಿತ್ರ ಬೆಳ್ಳಗೆ ಮಿನುಗುತ್ತದೆ. ಕಣ್ಣುಗುಡ್ಡೆಯ ಹೊರಗೋಡೆಯ ಮೇಲೆ ಇಂಪ್ಲಾಂಟ್ ಇಟ್ಟಾಗ, ಬಿಡುಗಡೆಯಾದದ್ದರಲ್ಲಿ ಶೇ. 1ಕ್ಕಿಂತ ತೀರ ಕಡಿಮೆ ಪಾಲು ಮಾತ್ರ ಒಳಗಿನ ಸ್ಫಟಿಕ ದ್ರವಕ್ಕೆ ತಲುಪಿತ್ತು. ಅದೇ ಇಂಪ್ಲಾಂಟನ್ನು ಜೀವವಿಲ್ಲದ ಕಣ್ಣಿನ ಮೇಲೆ ಇಟ್ಟಾಗ ಒಳಗೆ ಹೋದ ಪ್ರಮಾಣ ಹತ್ತಾರು ಪಟ್ಟು ಹೆಚ್ಚಾಯಿತು.

ಗೋಡೆ ಅದೇ, ಇಂಪ್ಲಾಂಟ್ ಅದೇ. ಇಲ್ಲವಾದದ್ದು ರಕ್ತ ಮತ್ತು ದುಗ್ಧರಸದ ಹರಿವು ಮಾತ್ರ. ಹಾಗಾದರೆ ಕಣ್ಣಿನ ಹೊರಗೋಡೆ ಔಷಧಕ್ಕೆ ಗಟ್ಟಿಯಾದ ತಡೆಯಲ್ಲ. ಔಷಧ ಗೋಡೆ ದಾಟುವ ಮೊದಲೇ ಕೊಚ್ಚಿಹೋಗುತ್ತದೆ, ತೊಡಕು ಅಲ್ಲಿದೆ. ಪ್ರಯೋಗಾಲಯದ ಮೇಜಿನ ಮೇಲೆ ತೆಗೆದ ಅಳತೆ ಎಷ್ಟೇ ನಿಖರವಾಗಿದ್ದರೂ ಈ ಸತ್ಯವನ್ನು ತೋರಿಸಲಾರದು. ಜೀವಂತ ದೇಹದಲ್ಲಿ ಚಿತ್ರ ತೆಗೆಯಬೇಕು ಎಂದು ಈ ಲೇಖನ ಒತ್ತಿ ಹೇಳುವುದು ಇದಕ್ಕಾಗಿಯೇ. ಅಕ್ಷಿಪಟಲದ ಕಾಯಿಲೆಗೆ ಇಂದು ಬಳಸುವ ಕಡ್ಡಿಗಳು ಕಣ್ಣಿನ ಹೊರಗೆ ಅಂಟದೆ ನೇರವಾಗಿ ಸ್ಫಟಿಕ ದ್ರವದೊಳಗೇ ಇಳಿಯುವುದರ ಔಚಿತ್ಯವೂ ಈ ಚಿತ್ರಗಳಿಂದ ತಿಳಿಯುತ್ತದೆ.

ಯಕೃತ್ತಿನಲ್ಲಿ ಇದೇ ಮಾತು ತಿರುವುಮುರುವಾಗಿ ಕಂಡಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಜಿನ್‌ಮಿಂಗ್ ಗಾವ್ ಮತ್ತು ಅಗಾಟಾ ಎಕ್ಸ್‌ನರ್ ಅವರ ಗುಂಪು, ಗೆಡ್ಡೆಗಳ ಚಿಕಿತ್ಸೆಗೆಂದು ಕಾರ್ಬೋಪ್ಲಾಟಿನ್ ತುಂಬಿದ ಸಣ್ಣ ಪಾಲಿಮರ್ ಕಡ್ಡಿಗಳನ್ನು ಪ್ರಾಣಿಗಳ ಯಕೃತ್ತಿನಲ್ಲಿ ಇಟ್ಟಿತು. ಕಾರ್ಬೋಪ್ಲಾಟಿನ್ ಅಣುವಿನ ನಡುವೆ ಪ್ಲಾಟಿನಂ ಪರಮಾಣು ಇದೆ. ಭಾರಲೋಹವಾದ್ದರಿಂದ ಅದು ಎಕ್ಸ್‌ ಕಿರಣವನ್ನು ತಡೆಯುತ್ತದೆ, ಹಾಗಾಗಿ ಸಿಟಿಯಲ್ಲಿ ನೇರವಾಗಿ ಕಾಣುತ್ತದೆ. ಬಣ್ಣ ಬೇಕಿಲ್ಲ, ಬದಲಿ ವಸ್ತು ಬೇಕಿಲ್ಲ, ಔಷಧ ತಾನೇ ತನ್ನ ಗುರುತು. ರೇಡಿಯೋ ತರಂಗದ ಶಾಖದಿಂದ ಸುಟ್ಟ ಯಕೃತ್ತಿನ ಭಾಗದಲ್ಲಿ ಔಷಧ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ಉಳಿಯಿತು. ಅಲ್ಲಿ ರಕ್ತನಾಳಗಳು ನಾಶವಾಗಿದ್ದವು, ಕೊಚ್ಚಿಕೊಂಡು ಹೋಗುವವರಿರಲಿಲ್ಲ. ಗೆಡ್ಡೆಯನ್ನು ಮೊದಲು ಸುಟ್ಟು, ಅಂಚಿನಲ್ಲಿ ಉಳಿದ ಕೋಶಗಳಿಗೆ ಇಂಪ್ಲಾಂಟಿನಿಂದ ಔಷಧ ಕೊಡುವ ಯೋಚನೆಗೆ ಇದು ಬಲ ಕೊಟ್ಟಿತು. ಎಕ್ಸ್‌ನರ್ ಅವರ ಪ್ರಯೋಗಾಲಯ ಮುಂದೆ, ದ್ರವವಾಗಿ ಚುಚ್ಚಿದ ಮೇಲೆ ದೇಹದಲ್ಲೇ ಗಟ್ಟಿಯಾಗುವ ಇಂಪ್ಲಾಂಟ್‌ಗಳನ್ನು ಅಲ್ಟ್ರಾಸೌಂಡಿನಲ್ಲಿ ಹಿಂಬಾಲಿಸಿತು. ಗಟ್ಟಿಯಾದಂತೆ ಅದು ಪರದೆಯ ಮೇಲೆ ಬೆಳ್ಳಗಾಗುತ್ತ ಬರುತ್ತದೆ, ಆರಂಭದಲ್ಲೇ ಔಷಧ ಒಮ್ಮೆಲೇ ಸುರಿದುಹೋಗುವುದಕ್ಕೂ ಗಟ್ಟಿಯಾಗುವ ವೇಗಕ್ಕೂ ನಂಟಿದೆ.

ಸ್ಟೆಂಟಿನ ಸುತ್ತಲ ಕೂದಲೆಳೆಯ ಜಾಗ

ಕರ್ನಾಟಕದಲ್ಲಿ ಔಷಧ ಬಿಡುವ ಇಂಪ್ಲಾಂಟ್ ಎಂದಾಗ ಮೊದಲು ಎಣಿಸಬೇಕಾದದ್ದು ಸ್ಟೆಂಟ್. ಬೆಂಗಳೂರು, ಮೈಸೂರು, ಕಲಬುರಗಿಗಳ ಜಯದೇವ ಹೃದ್ರೋಗ ಸಂಸ್ಥೆಗಳಲ್ಲಿ ಬಡವರಿಗೂ ಸ್ಟೆಂಟ್ ಅಳವಡಿಕೆ ಸಾಧ್ಯವಾಯಿತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಲೇಪವಿಲ್ಲದ್ದಕ್ಕೆ 7,260 ರೂಪಾಯಿ ಮಿತಿ ಹಾಕಿದ ಮೇಲೆ ಬಳಕೆ ಇನ್ನೂ ಹರಡಿತು. ಮೊದಲ ಔಷಧಲೇಪಿತ ಸ್ಟೆಂಟಿಗೆ ಅಮೆರಿಕ 2003ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಔಷಧ ಸಿರೊಲಿಮಸ್. 1964ರಲ್ಲಿ ರಾಪಾನುಯಿ ದ್ವೀಪದಿಂದ ತಂದ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ಅದನ್ನು ಗುರುತಿಸಿ ಬೆಳೆಸಿದ ತಂಡದ ಮುಂದಾಳು ಭಾರತೀಯ ಮೂಲದ ಸುರೇಂದ್ರನಾಥ್ ಸೆಹಗಲ್.

ಸ್ಟೆಂಟಿನ ತಂತಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪ, ಹೊಸವು ಅದಕ್ಕಿಂತಲೂ ತೆಳು. ಹೃದಯದ ಧಮನಿಯ ಗೋಡೆ ಒಂದು ಮಿಲಿಮೀಟರ್ ಸುತ್ತಮುತ್ತ. ಈ ಸಣ್ಣ ಜಾಗದಲ್ಲೇ ಔಷಧ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಎಲಾಜರ್ ಎಡಲ್‌ಮನ್ ಮತ್ತು ಸಂಗಡಿಗರು 2001ರ ಹೊತ್ತಿಗೆ ತೋರಿಸಿದರು. ತಂತಿ ತಾಗಿದಲ್ಲಿ ಸಾಂದ್ರತೆ ಹೆಚ್ಚು, ಎರಡು ತಂತಿಗಳ ನಡುವೆ ಕಡಿಮೆ. ಹೆಪಾರಿನ್‌ನಂತೆ ನೀರಿನಲ್ಲಿ ಕರಗುವ ಅಣು ಬೇಗ ತೊಳೆದುಹೋಗುತ್ತದೆ, ಪ್ಯಾಕ್ಲಿಟ್ಯಾಕ್ಸೆಲ್‌ನಂತೆ ಕೊಬ್ಬಿಗೆ ಒಲಿಯುವ ಅಣು ಗೋಡೆಯಲ್ಲೇ ಕಚ್ಚಿ ನಿಲ್ಲುತ್ತದೆ. ತಂತಿಗಳು ಒಂದೆಡೆ ಒತ್ತಾಗಿ ಇನ್ನೊಂದೆಡೆ ವಿರಳವಾಗಿ ಕೂತರೆ, ಸ್ಟೆಂಟಿನ ಮೇಲಿನ ಒಟ್ಟು ಔಷಧ ಸರಿಯಿದ್ದೂ ಗೋಡೆಯ ಒಂದು ಭಾಗಕ್ಕೆ ಕೊರತೆಯಾಗುತ್ತದೆ. ಹೃದಯತಜ್ಞರು ಸ್ಟೆಂಟನ್ನು ಪೂರ್ತಿ ಅರಳಿಸಿ ಗೋಡೆಗೆ ಅಂಟಿಸಲು ಪಡುವ ಶ್ರಮಕ್ಕೆ ಇದೂ ಒಂದು ಕಾರಣ.

ಹೋಳು ಮಾಡಿ ನೋಡುವ ಪದ್ಧತಿಗಳು

ಇಷ್ಟು ಸೂಕ್ಷ್ಮ ಅಂತರವನ್ನು ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ಬಿಡಿಸಿ ತೋರಿಸಲಾರದು. ಅಂಗಾಂಶವನ್ನು ತೆಗೆದು, ಹೆಪ್ಪುಗಟ್ಟಿಸಿ, ತೆಳುವಾಗಿ ಸೀಳಿ ನೋಡಬೇಕು. ಸ್ವೀಡನ್ನಿನ ಸ್ವೆನ್ ಉಲ್‌ಬರ್ಗ್ 1954ರಲ್ಲಿ, ವಿಕಿರಣಶೀಲ ಗುರುತಿನ ಔಷಧ ಕೊಟ್ಟ ಪ್ರಾಣಿಯ ಇಡೀ ದೇಹದ ತೆಳು ಸೀಳನ್ನು ಫೋಟೋ ಫಿಲ್ಮಿನ ಮೇಲೆ ಒತ್ತಿ ಔಷಧದ ನಕ್ಷೆ ಪಡೆದರು. ಮಿದುಳು ಗೆಡ್ಡೆ ತೆಗೆದ ಗುಳಿಯಲ್ಲಿ ಇಡುವ ಕಾರ್ಮಸ್ಟೀನ್ ಬಿಲ್ಲೆಗಳನ್ನು (ಬಿಲ್ಲೆಯೊಂದರಲ್ಲಿ 7.7 ಮಿಲಿಗ್ರಾಂ, ಹೆಚ್ಚೆಂದರೆ 8 ಬಿಲ್ಲೆ, 1996ರಲ್ಲಿ ಅಮೆರಿಕದ ಒಪ್ಪಿಗೆ) ಹೆನ್ರಿ ಬ್ರೆಮ್ ಮತ್ತು ರಾಬರ್ಟ್ ಲ್ಯಾಂಗರ್ ರೂಪಿಸುವಾಗ ಇದೇ ಬಗೆಯ ಸೀಳುಗಳು ನೆರವಾದವು. ಔಷಧದ ದಟ್ಟಣೆ ಇದ್ದದ್ದು ಬಿಲ್ಲೆಯಿಂದ ಸುಮಾರು 3 ಮಿಲಿಮೀಟರ್ ಒಳಗೆ. ಮಿದುಳು ಗೆಡ್ಡೆಯ ಕೋಶಗಳು ಅದಕ್ಕಿಂತ ದೂರಕ್ಕೂ ನುಸುಳಿರುತ್ತವೆ ಎಂಬುದೇ ಈ ಚಿಕಿತ್ಸೆಯ ಮಿತಿ. ನೋವಿನ ಸಂಗತಿಯಾದರೂ ಅದನ್ನು ಚಿತ್ರ ಪ್ರಾಮಾಣಿಕವಾಗಿ ಹೇಳಿತು.

ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್ ತಾನಾಗಿಯೇ ಕಿತ್ತಳೆಗೆಂಪಾಗಿ ಹೊಳೆಯುವುದರಿಂದ ಸೂಕ್ಷ್ಮದರ್ಶಕದಲ್ಲಿ ಹಾಗೇ ಕಾಣುತ್ತದೆ. ಹೊಳೆಯದ ಔಷಧಗಳಿಗೆ ರಿಚರ್ಡ್ ಕ್ಯಾಪ್ರಿಯೋಲಿ 1997ರಲ್ಲಿ ತೋರಿಸಿದ ಮಾಸ್ ಸ್ಪೆಕ್ಟ್ರೋಮೀಟರ್ ಚಿತ್ರಣ ಇದೆ. ಲೇಸರ್ ಕಿರಣ ಸೀಳಿನ ಮೇಲೆ ಚುಕ್ಕೆಚುಕ್ಕೆಯಾಗಿ ಸಾಗಿ, ಪ್ರತಿ ಚುಕ್ಕೆಯಿಂದ ಎದ್ದ ಅಣುಗಳನ್ನು ತೂಗಿ, ಔಷಧವನ್ನೂ ಅದು ಒಡೆದು ಉಂಟಾದ ಪದಾರ್ಥವನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ವಿಕಿರಣ ಗುರುತಿಗೆ ಈ ವಿವೇಚನೆ ಇಲ್ಲ. ಔಷಧ ಮುರಿದು ಗುರುತು ಮಾತ್ರ ಉಳಿದರೂ ಅದು ಬೆಳಗುತ್ತಲೇ ಇರುತ್ತದೆ. ಎಂಆರ್‌ಐಯ ಗ್ಯಾಡೊಲಿನಿಯಂ ಸಂಯುಕ್ತವೂ ಔಷಧದ ಬದಲಿ ಮಾತ್ರ, ಗಾತ್ರ ಮತ್ತು ಕರಗುವ ಗುಣ ಹೊಂದಿಕೆಯಾದಷ್ಟೇ ಅದರ ಸಾಕ್ಷ್ಯಕ್ಕೆ ಬೆಲೆ. ಅಮೆರಿಕದ ಅರಿಜೋನಾದಲ್ಲಿ ಮೂಳೆ ಸಿಮೆಂಟಿಗೆ ಇಂಥ ಬದಲಿಯನ್ನು ಬೆರೆಸಿ, ಗಾಯದ ಗುಳಿಯಲ್ಲಿ ಪ್ರತಿಜೀವಕ ಎತ್ತ ಹರಿಯಬಹುದು ಎಂದು ಎಂಆರ್‌ಐಯಲ್ಲಿ ನೋಡಿದ್ದಾರೆ. ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸುವ ರೂಢಿಯನ್ನು ಹ್ಯಾಂಬರ್ಗಿನಲ್ಲಿ ಬುಖ್‌ಹೋಲ್ಟ್ಸ್ 1970ರಲ್ಲಿ ಪ್ರಕಟಿಸಿ ಅರ್ಧ ಶತಮಾನವೇ ಆಗಿದೆ. ಮಣಿಗಳ ನಡುವೆ ರಕ್ತ, ದ್ರವ ತುಂಬಿಕೊಂಡಲ್ಲಿ ಔಷಧ ಬೇಗ ಹರಡುತ್ತದೆ, ಜೀವವಿಲ್ಲದ ಮೂಳೆಯೊಳಕ್ಕೆ ನಿಧಾನ.

ಜಿಲ್ಲೆಯ ಮಟ್ಟದಲ್ಲಿ ಸಾಧ್ಯವಿರುವುದು

ಗದಗದ ಮಲ್ಲಸಮುದ್ರದಲ್ಲಿರುವ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಜಿಲ್ಲಾ ಬೋಧನಾ ಆಸ್ಪತ್ರೆಯಲ್ಲಿ ಇಂಪ್ಲಾಂಟ್ ಎಲ್ಲಿದೆ ಎಂದು ನೋಡಲು ಎಕ್ಸ್‌-ರೇ, ಸ್ಕ್ಯಾನಿಂಗ್ ಸಾಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರ ಒಂದು ಕಾನೂನಿನ ತೊಡಕಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಪ್ರತಿ ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ ಬೇಕು. ಆ ಬಿಗಿ ಇರಲೇಬೇಕು, ಹೆಣ್ಣುಮಕ್ಕಳ ಜೀವದ ಪ್ರಶ್ನೆ ಅದು. ಹಳ್ಳಿಯಲ್ಲಿ ನೋಂದಾಯಿತ ಯಂತ್ರ ಇಲ್ಲದಿದ್ದರೆ, ತೋಳಿನ ಕಡ್ಡಿ ಬೆರಳಿಗೆ ಸಿಗದಾದ ಹೊಂಬಳದ ಹೆಂಗಸು ಗದಗಕ್ಕೇ ಬರಬೇಕಾಗುತ್ತದೆ. ಕಡ್ಡಿ ಹಾಕಿದ ದಿನಾಂಕ ಮತ್ತು ಯಾವ ತೋಳು ಎಂಬುದನ್ನು ಬರೆದ ಚೀಟಿಯನ್ನು ಆಶಾ ಕಾರ್ಯಕರ್ತೆ ಜೋಪಾನವಾಗಿ ಇಡಿಸಿದ್ದರೆ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಔಷಧದ ಹರಡಿಕೆಯನ್ನೇ ಮನುಷ್ಯರಲ್ಲಿ ನೋಡುವುದಕ್ಕೆ ಪಿಇಟಿ ಸ್ಕ್ಯಾನ್ ಅತ್ಯಂತ ಸೂಕ್ಷ್ಮ ಸಾಧನ. ಅದರ ಕಷ್ಟ ಗಡಿಯಾರದ್ದು. ಅದಕ್ಕೆ ಬಳಸುವ ವಿಕಿರಣಶೀಲ ಗುರುತಾದ ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಬೆಂಗಳೂರಿನಲ್ಲಿ ತಯಾರಾದದ್ದು ರಸ್ತೆಯ ಮೇಲೆ ಏಳು ಗಂಟೆ ಸಾಗಿ ಗದಗ ತಲುಪುವ ಹೊತ್ತಿಗೆ ಶೇ. 7ರಷ್ಟು ಮಾತ್ರ ಉಳಿದಿರುತ್ತದೆ. ಕಾರ್ಬನ್-11ರದ್ದಂತೂ 20 ನಿಮಿಷ. ಅದಕ್ಕಿಂತ ಮುಖ್ಯವಾಗಿ, ತಿಂಗಳುಗಟ್ಟಲೆ ಔಷಧ ಬಿಡುವ ಇಂಪ್ಲಾಂಟನ್ನು ಎರಡು ಗಂಟೆ ಬಾಳುವ ಗುರುತಿನಿಂದ ಹಿಂಬಾಲಿಸಲಾಗದು. ಅರ್ಧಾಯು ನಾಲ್ಕು ದಿನದ ಅಯೋಡಿನ್-124, 78 ಗಂಟೆಯ ಜಿರ್ಕೋನಿಯಂ-89 ಇದ್ದರೂ ಅವು ಮೊದಲ ಒಂದೆರಡು ವಾರದ ಕಥೆಯನ್ನಷ್ಟೇ ಹೇಳುತ್ತವೆ. ಗುರುತು ದೀರ್ಘವಾದಷ್ಟೂ ರೋಗಿಗೆ ತಗಲುವ ವಿಕಿರಣ ಹೆಚ್ಚು. ಹೀಗಾಗಿ ವರ್ಷಗಟ್ಟಲೆ ಬಾಳುವ ಕಡ್ಡಿಯ ಎರಡನೆಯ, ಮೂರನೆಯ ವರ್ಷದ ನಡವಳಿಕೆಯ ಬಗ್ಗೆ ವೈದ್ಯರಿಗೆ ಇಂದಿಗೂ ಆಧಾರವಾಗಿರುವುದು ರಕ್ತದ ಮಾದರಿ, ಹೊರತೆಗೆದ ಕಡ್ಡಿಯಲ್ಲಿ ಉಳಿದ ಔಷಧದ ಅಳತೆ, ಮತ್ತು ಪ್ರಾಣಿಗಳಲ್ಲಿ ತೆಗೆದ ಚಿತ್ರಗಳಿಂದ ಕಟ್ಟಿದ ಗಣಿತದ ಮಾದರಿಗಳು.